ಮಂಡಿ ಹಿಡಿದರೆ ಮೂಲೆ ಹಿಡಿಯಬೇಕಿಲ್ಲ

ಸಸಿಮಡಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಪೈರು ಕೀಳುತ್ತಿದ್ದೀರಿ. ಒಂದು ಗಂಟೆ ಕಳೆದಿದೆ. ಕಟ್ಟು ಕಟ್ಟಿ ಬದುವಿನ ಮೇಲಿಡಲು ಏಳಬೇಕು. ಆದರೆ ಕಾಲು ಬರುವುದಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಊರಿ, 'ಅಯ್ಯಪ್ಪಾ' ಎಂದು ಉಸಿರು ಬಿಟ್ಟು, ಅರ್ಧ ಎದ್ದು, ಅಲ್ಲೇ ಒಂದು ಕ್ಷಣ ತಡೆದು, ಆಮೇಲೆ ನೆಟ್ಟಗಾಗುತ್ತೀರಿ. ಮೊದಲ ನಾಲ್ಕು ಹೆಜ್ಜೆ ಕುಂಟು. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಕಾಲು ಸಡಿಲವಾಗುತ್ತದೆ. ವಯಸ್ಸು ಐವತ್ತು ದಾಟಿದ ರೈತ ಬಾಂಧವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗಾದಾಗ ಮನೆಯವರೂ ನೆರೆಯವರೂ ಹೇಳುವ ಮಾತು ಒಂದೇ: "ದುಡಿದದ್ದು ಸಾಕು, ಇನ್ನು ಒಂದು ಕಡೆ ಕೂತಿರು." ಪ್ರೀತಿಯಿಂದ ಹೇಳುವ ಮಾತು, ನಿಜ. ಆದರೆ ಮಂಡಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಮೇಲೆ ಹೇಳಿದ್ದನ್ನೇ ಮತ್ತೊಮ್ಮೆ ಗಮನಿಸಿ. ಕಾಲು ಹಿಡಿದದ್ದು ಕುಳಿತಾಗ, ಬಿಟ್ಟದ್ದು ನಡೆದಾಗ.

ಕೀಲೆಣ್ಣೆ ಎಲ್ಲಿಂದ ಬರುತ್ತದೆ?

'ಕೀಲೆಣ್ಣೆ ಒಣಗಿದೆ' ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಗಾಡಿಯ ಅಚ್ಚಿಗೆ ಎಣ್ಣೆ ಬಿಟ್ಟವರಿಗೆ ಈ ಹೋಲಿಕೆ ಸಹಜವೇ. ಆದರೆ ಗಾಡಿಗೂ ಮಂಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗಾಡಿಗೆ ಎಣ್ಣೆಯನ್ನು ಹೊರಗಿನಿಂದ ಹಾಕಬೇಕು, ಗಾಡಿ ಓಡಿದಷ್ಟೂ ಅದು ತೀರುತ್ತದೆ. ಮಂಡಿಯ ಎಣ್ಣೆ ಒಳಗೇ ಹುಟ್ಟುತ್ತದೆ, ಕಾಲು ಆಡಿದರೆ ಮಾತ್ರ ಎಲ್ಲ ಕಡೆ ಹರಡುತ್ತದೆ.

ಕೋಳಿಯ ಕಾಲಿನ ಮೂಳೆಯ ತುದಿಯಲ್ಲಿ ಬಿಳಿಯ ನುಣುಪಾದ ಹೊದಿಕೆ ಇರುವುದನ್ನು ನೀವು ನೋಡಿರಬಹುದು. ಅದೇ ಮೃದ್ವಸ್ಥಿ. ನಮ್ಮ ತೊಡೆಯ ಮೂಳೆಯ ತುದಿಗೂ ಅದರ ಕೆಳಗಿನ ಕಾಲಿನ ಮೂಳೆಯ ತಲೆಗೂ ಇಂಥದೇ ಹೊದಿಕೆ ಇದೆ. ಇದಕ್ಕೆ ರಕ್ತನಾಳಗಳಿಲ್ಲ. ಹಾಗಾದರೆ ಆಹಾರ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಹೊದಿಕೆ ಅದುಮುತ್ತದೆ, ಎತ್ತಿದಾಗ ಹಿಗ್ಗುತ್ತದೆ. ಒದ್ದೆ ಸ್ಪಂಜನ್ನು ಹಿಂಡಿ ಬಿಟ್ಟಂತೆ ಹಳೆಯ ದ್ರವ ಹೊರಗೆ ಹೋಗಿ ಹೊಸದು ಒಳಗೆ ಬರುತ್ತದೆ. ನಡೆಯದ ಕಾಲಿನ ಮೃದ್ವಸ್ಥಿ ಉಪವಾಸ ಬಿದ್ದಂತೆಯೇ ಸರಿ.

ವಯಸ್ಸಾದಂತೆ ಈ ಹೊದಿಕೆ ತೆಳುವಾಗುತ್ತದೆ, ಅಲ್ಲಲ್ಲಿ ಒರಟಾಗುತ್ತದೆ, ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳಿನಂಥ ಬೆಳವಣಿಗೆ ಬರುತ್ತದೆ, ಆಗಾಗ ಕೀಲು ಊದಿಕೊಳ್ಳುತ್ತದೆ. ಇದಕ್ಕೆ ಮಂಡಿ ಸವೆತ ಎನ್ನುತ್ತಾರೆ. ಎಕ್ಸ್‌ರೇ ತೆಗೆಸಿ 'ಪೂರ್ತಿ ಸವೆದಿದೆ' ಎಂಬ ಮಾತು ಕೇಳಿ ಹೆದರಿ ಮನೆಗೆ ಬಂದವರು ಬಹಳ. ಚಿತ್ರದಲ್ಲಿ ಕಾಣುವ ಸವೆತಕ್ಕೂ ನೋವಿಗೂ ಸರಿಯಾದ ಲೆಕ್ಕವಿಲ್ಲ. ಕೆಟ್ಟ ಚಿತ್ರದವರು ಆರಾಮಾಗಿ ಸಂತೆಗೆ ನಡೆದು ಹೋಗುವುದುಂಟು. ಚಿತ್ರ ಚೆನ್ನಾಗಿದ್ದೂ ನರಳುವವರುಂಟು. ಈ ವ್ಯತ್ಯಾಸಕ್ಕೆ ಒಂದು ಕಾರಣ ತೊಡೆಯ ಮುಂಭಾಗದ ಸ್ನಾಯು. ಹೆಜ್ಜೆ ಇಡುವಾಗ ಮೈಭಾರವನ್ನು ತಡೆದು ಮಂಡಿಯ ಮೇಲೆ ಮೆಲ್ಲಗೆ ಇಳಿಸುವುದು ಅದೇ. ಕೂತವರಲ್ಲಿ ಮೊದಲು ಕರಗುವುದೂ ಅದೇ.

ನಮ್ಮ ಮನೆಯಲ್ಲಿ ಆದದ್ದು

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ನನ್ನ ತಾಯಿಯ ಮಂಡಿಯಿಂದ ಕಲಿತೆ. ನಲವತ್ತು ವರ್ಷ ನಾಟಿ, ಕಳೆ, ಕೊಯ್ಲು ಎಂದು ಗದ್ದೆಯಲ್ಲೇ ಬದುಕಿದವರು. ಅರವತ್ತೆರಡಕ್ಕೆ ಮಂಡಿ ಹಿಡಿಯಿತು. ನಾವು ಮಕ್ಕಳೆಲ್ಲ ಸೇರಿ ಜಗಲಿಯ ಮೇಲೆ ಕೂರಿಸಿದೆವು, ನೀರಿನ ಚೊಂಬೂ ಕೈಗೇ ಕೊಟ್ಟೆವು. ಆರು ತಿಂಗಳಲ್ಲಿ ತೊಡೆ ಒಣಗಿದ ಕಡ್ಡಿಯಂತಾಯಿತು. ಮೊದಲು ಬಾವಿಯ ತನಕ ಒಬ್ಬರೇ ಹೋಗುತ್ತಿದ್ದವರು ಬಚ್ಚಲಿಗೂ ಕೈ ಹಿಡಿಸಿಕೊಂಡು ಹೋಗುವಂತಾಯಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಊರ ಜಾತ್ರೆಗೆ ಬಂದ ಒಬ್ಬ ಮಾರಾಟಗಾರ 'ಬೇರಿನ ಪುಡಿ' ಕೊಟ್ಟ. ಮೂರೇ ದಿನಕ್ಕೆ ನೋವು ಮಾಯ. ಅಮ್ಮ ಎದ್ದು ಹೊಲಕ್ಕೆ ಹೋದರು, ನಾವು ಆತನಿಗೆ ಕೈ ಮುಗಿದೆವು. ನಾಲ್ಕು ತಿಂಗಳಲ್ಲಿ ಮುಖ ಚಂದ್ರನಂತೆ ಊದಿತು, ಕೈಕಾಲು ಸಣ್ಣಗಾದವು, ಹಿಂದೆಂದೂ ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿತು, ಹಿಮ್ಮಡಿಯ ಗಾಯ ಒಣಗದಾಯಿತು. ಹೆದರಿ ಪುಡಿಯನ್ನು ಒಮ್ಮೆಲೇ ನಿಲ್ಲಿಸಿದೆವು. ಎರಡು ದಿನಕ್ಕೆ ಅಮ್ಮ ಎಚ್ಚರ ತಪ್ಪಿ ಬಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಪುಡಿಯ ಪೊಟ್ಟಣ ನೋಡಿ, ಇದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಎಂದರು. ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ದೇಹ ತನ್ನದೇ ಆದ ಅಂಥ ರಸವನ್ನು ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಆಗ ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಹೆಸರಿಲ್ಲದ ಪುಡಿ, ಗುಳಿಗೆಯನ್ನು ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ, ತಿಪ್ಪೆಗೆ ಎಸೆಯುವ ಮೊದಲು ಅದನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಕ್ರಮೇಣ ಇಳಿಸಿ. ಮೂಳೆಗೂ ಇದು ಕೇಡು. ಸೊಂಟದ ಕೀಲಿನ ಗುಂಡು ಸತ್ತುಹೋಗುವುದುಂಟು.

ಎಲ್ಲ ಮಂಡಿ ನೋವೂ ಸವೆತವಲ್ಲ

ಸವೆತದ ಮಂಡಿ ಬೆಳಗ್ಗೆ ಎದ್ದಾಗ ಹಿಡಿದಿರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿತ ಇದ್ದು, ಎರಡೂ ಕೈಗಳ ಬೆರಳ ಗೆಣ್ಣುಗಳೂ ಊದಿದ್ದರೆ ಅದು ಬೇರೆ ಕಾಯಿಲೆ. ಅದಕ್ಕೆ ಬೇರೆಯೇ ಔಷಧಿ ಇದೆ, ತಡ ಮಾಡಿದರೆ ಕೀಲು ಸೊಟ್ಟಗಾಗುತ್ತದೆ. ಮಂಡಿ ಏಕಾಏಕಿ ಊದಿ, ಕೆಂಪಾಗಿ, ಮುಟ್ಟಿದರೆ ಸುಡುವಂತಿದ್ದು ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗೆ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಕೀಲೇ ಹಾಳಾದೀತು. 2006ರಲ್ಲಿ ನಮ್ಮ ರಾಜ್ಯದ ಹಳ್ಳಿಹಳ್ಳಿಗೆ ಚಿಕುನ್‌ಗುನ್ಯ ಬಂದಾಗ ಜ್ವರ ಬಿಟ್ಟು ತಿಂಗಳುಗಳಾದರೂ ಕೀಲು ನೋವು ಬಿಡದಿದ್ದುದು ಹಲವರಿಗೆ ನೆನಪಿರಬಹುದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಕಾಯಿಲೆಯಂತೂ ಸವೆತವೇ ಅಲ್ಲ, ವಂಶದಲ್ಲಿ ಹರಿದು ಬರುವಂಥದು. ಹುಡುಗರಿಗೆ, ಯುವಕರಿಗೆ ಸೊಂಟ ಮಂಡಿ ಹಿಡಿದರೆ 'ವಾಯು' ಎಂದು ಎಣ್ಣೆ ತಿಕ್ಕಿ ಸುಮ್ಮನಿರಬೇಡಿ.

ಬಯಲುಸೀಮೆಯ ಓದುಗರು ಇನ್ನೊಂದನ್ನು ಗಮನಿಸಬೇಕು, ಅದೇ ಕೊಳವೆಬಾವಿಯ ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ, ಕೊಪ್ಪಳ, ರಾಯಚೂರು ಕಡೆಗಳ ಎಷ್ಟೋ ಊರುಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಲ್ಲಿ ಹೆಚ್ಚೆಂದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಂಡಿ, ಬೆನ್ನು, ಕುತ್ತಿಗೆ ಬಿಗಿಯುತ್ತವೆ. ನೋಡಲು ಥೇಟ್ ವಯಸ್ಸಿನ ನೋವಿನ ಹಾಗೆಯೇ. ಗುರುತು ಮಕ್ಕಳ ಹಲ್ಲಿನಲ್ಲಿದೆ. ಊರಿನ ಬಹಳ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ, ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಶುದ್ಧೀಕರಣ ಘಟಕದ ನೀರು, ಇಲ್ಲವೇ ಮಳೆನೀರು ಹಿಡಿದಿಟ್ಟುಕೊಳ್ಳುವುದೇ ದಾರಿ.

ಬೆಂಚಿನ ಮೇಲೆ ಕೂತೇ ಮಾಡಿ

ನೀವು ಈ ಪುಟವನ್ನು ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದುತ್ತಿದ್ದರೆ, ಅಥವಾ ಯಾರೋ ಓದಿ ಹೇಳುತ್ತಿದ್ದರೆ, ಅಲ್ಲೇ ಒಂದು ಪ್ರಯೋಗ ಮಾಡಿ. ಬೆನ್ನು ನೇರ ಮಾಡಿ ಕೂರಿ. ಒಂದು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ, ಹೆಬ್ಬೆರಳು ನಿಮ್ಮ ಕಡೆಗೆ ಬಾಗಿರಲಿ. ತೊಡೆಯ ಮೇಲೆ ಕೈಯಿಟ್ಟು ನೋಡಿ, ಸ್ನಾಯು ಕಲ್ಲಿನಂತೆ ಬಿಗಿಯಬೇಕು. ಒಂದರಿಂದ ಐದು ಎಣಿಸಿ, ನಿಧಾನವಾಗಿ ಇಳಿಸಿ. ಧೊಪ್ಪನೆ ಬಿಡಬೇಡಿ, ಇಳಿಸುವಾಗಲೇ ಅರ್ಧ ಲಾಭ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಗ್ಗೆ ಸಂಜೆ. ಪಕ್ಕದವರು ನಕ್ಕರೆ ನಗಲಿ, ಅವರ ಮಂಡಿಯೂ ಒಂದು ದಿನ ಹಿಡಿಯುತ್ತದೆ.

ಮಂಡಿ ಬಹಳ ನೋಯುವವರು ಇದಕ್ಕಿಂತ ಸುಲಭವಾದುದರಿಂದ ಆರಂಭಿಸಬಹುದು. ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿ, ಮಂಡಿಯ ಕೆಳಗೆ ಒಂದು ಟವಲನ್ನು ಸುರುಳಿ ಸುತ್ತಿಡಿ. ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಕೀಲು ಬಾಗುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ನಮ್ಮಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಹದಿನೈದು ದಿನ ಮಾಡಿದ್ದು ಇದೊಂದೇ.

ಸ್ವಲ್ಪ ಬಲ ಬಂದ ಮೇಲೆ, ಮಂಚದ ಎತ್ತರದ ಬೆಂಚಿನಿಂದ ಕೈ ಊರದೆ ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರುವುದು. ಮೊದಲು ಐದು ಸಲ, ಬರಬರುತ್ತ ಹತ್ತು. ಬಾವಿಯಿಂದ ನೀರು ಸೇದುವುದು ಬಿಟ್ಟು ಹೋಗಿರುವ ಈ ದಿನಗಳಲ್ಲಿ ಇಡೀ ಮೈಗೆ ಇದಕ್ಕಿಂತ ಒಳ್ಳೆಯ ಕಸರತ್ತು ನನಗೆ ತಿಳಿಯದು.

ವ್ಯಾಯಾಮ ಮಾಡುವಾಗ ಅಲ್ಪಸ್ವಲ್ಪ ನೋವು ಬರುತ್ತದೆ. ಅದು ಮರುದಿನ ಬೆಳಗಿನೊಳಗೆ ಇಳಿದರೆ ಚಿಂತೆಯಿಲ್ಲ, ಮುಂದುವರಿಸಿ. ಮರುದಿನವೂ ಉಳಿದರೆ ಅಥವಾ ಮಂಡಿ ಊದಿದರೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಒಂದು ವಾರ ಮಾಡಿ 'ಏನೂ ಆಗಲಿಲ್ಲ' ಎಂದು ಕೈಬಿಡುವವರೇ ಹೆಚ್ಚು. ಗೊಬ್ಬರ ಹಾಕಿದ ಮರುದಿನ ತೆನೆ ನೋಡಲು ಹೋಗುತ್ತೇವೆಯೇ? ಎರಡು ಮೂರು ತಿಂಗಳು ಬೇಕು.

ಇದರ ಜೊತೆಗೆ ದಿನವೂ ನಡೆಯಿರಿ. ಉಬ್ಬುತಗ್ಗಿನ ಬದುವಿಗಿಂತ ಸಮತಟ್ಟಾದ ರಸ್ತೆ ಮೇಲು. ಒಂದೇ ಸಲ ಒಂದು ಗಂಟೆ ಬೇಡ, ಹತ್ತು ಹತ್ತು ನಿಮಿಷ ಮೂರು ಹೊತ್ತು ಆದರೂ ಆದೀತು. ಊರುಗೋಲು ಹಿಡಿಯಲು ನಾಚಿಕೆ ಬೇಡ, ಆದರೆ ಸರಿಯಾಗಿ ಹಿಡಿಯಿರಿ. ನಮ್ಮ ಊರುಗಳಲ್ಲಿ ನಾನು ನೋಡಿದ ಹತ್ತರಲ್ಲಿ ಎಂಟು ಜನ ನೋವಿನ ಕಾಲಿನ ಕಡೆಯ ಕೈಯಲ್ಲೇ ಕೋಲು ಹಿಡಿಯುತ್ತಾರೆ. ಅದು ತಪ್ಪು. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಕುಕ್ಕರುಗಾಲಿನ ಲೆಕ್ಕ

'ಕೆಲಸ ಬಿಡಬೇಡಿ ಎನ್ನುತ್ತೀರಿ, ಕೆಲಸವೇ ಅಲ್ಲವೇ ಮಂಡಿ ತಿಂದದ್ದು?' ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕೆಲಸದ ಭಂಗಿಯಲ್ಲಿದೆ. ಚೀನದ ಬೀಜಿಂಗ್ ನಗರದ ಹಿರಿಯರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಮಂಡಿ ಸವೆತ ಹೆಚ್ಚು ಕಂಡುಬಂದಿತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದವರು 1991ರಲ್ಲಿ ಹೇಳಿದ್ದೂ ಇದೇ ಜಾಡಿನದು. ಮಂಡಿ ಬಗ್ಗಿಸುತ್ತ ಭಾರದ ದುಡಿಮೆಯನ್ನೂ ಮಾಡಿದ ಗಂಡಸರಲ್ಲಿ ಮುಂದೆ ಸವೆತ ಬರುವ ಸಂಭವ ಸುಮಾರು ಎರಡು ಪಟ್ಟು. ನಿಂತು ಮಾಡುವ, ನಡೆದು ಮಾಡುವ ಕೆಲಸ ಬೇರೆ. ಕುಕ್ಕರುಗಾಲಿನಲ್ಲಿ ಸರಿಯುತ್ತ ಮಾಡುವ ಕೆಲಸ ಬೇರೆ.

ಇದನ್ನು ಹೊಲಕ್ಕೆ ಅನ್ವಯಿಸಿ ನೋಡಿ. ರಾಗಿಯನ್ನು ಚೆಲ್ಲಿ ಬಿತ್ತಿದರೆ ಕುರ್ಪಿ ಹಿಡಿದು (ನಿಮ್ಮ ಕಡೆ ಏನೆನ್ನುತ್ತೀರೋ) ಕೂತೇ ಕಳೆ ತೆಗೆಯಬೇಕು. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದರೆ ಎಡೆಕುಂಟೆ ಹೊಡೆಯಬಹುದು, ಸೈಕಲ್ ಗಾಲಿಯ ಕಳೆಗುದ್ದಲಿಯನ್ನು ನಿಂತೇ ತಳ್ಳಬಹುದು. ಭತ್ತವನ್ನು ಸಾಲು ನಾಟಿ ಮಾಡಿದರೆ ಕೋನೋವೀಡರ್ ಓಡಿಸಬಹುದು. ಕಳೆಯ ದಿನ ಮಂಡಿ ಎಷ್ಟು ನೋಯುತ್ತದೆ ಎಂಬುದು ಬಿತ್ತನೆಯ ದಿನವೇ ತೀರ್ಮಾನವಾಗಿರುತ್ತದೆ. ಸಾಲಿನೊಳಗೆ ಉಳಿಯುವ ಕಳೆಯನ್ನು ಕೂತೇ ತೆಗೆಯಬೇಕು, ನಿಜ. ಅದಕ್ಕೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ಸಾಲಿನ ತುದಿಯವರೆಗೆ ನಡೆದು ಬನ್ನಿ. ಹಾಲು ಕರೆಯಲೂ ಮಣೆ ಬೇಕು. ಕಳೆ ಯಂತ್ರಗಳ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ಒಂದು ಸಲ ನಿಮ್ಮ ಮಣ್ಣಿನಲ್ಲೇ ತಳ್ಳಿ ನೋಡಿ, ಎರೆಭೂಮಿಯಲ್ಲಿ ಹಸಿ ಇದ್ದಾಗ ಕೆಲವು ಮುಂದೆ ಹೋಗುವುದೇ ಇಲ್ಲ.

ಗಂಡಸರಿಗಿಂತ ಹೆಂಗಸರಿಗೆ ಈ ನೋವು ಹೆಚ್ಚು, ಮುಟ್ಟು ನಿಂತ ಮೇಲಂತೂ ಇನ್ನೂ ಹೆಚ್ಚು. ಅವರ ಕೂರುವಿಕೆ ಹೊಲದಲ್ಲಿ ಮುಗಿಯುವುದೂ ಇಲ್ಲ. ಪಾತ್ರೆ ತೊಳೆಯಲು ಕುಕ್ಕರುಗಾಲು, ಒಲೆಯ ಮುಂದೆ ಕುಕ್ಕರುಗಾಲು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಗ್ಯಾಸ್ ಬಂತು, ಆದರೆ ಒಲೆಯನ್ನು ನೆಲದ ಮೇಲೇ ಇಟ್ಟು ಅಡುಗೆ ಮಾಡುವುದನ್ನು ಈಗಲೂ ನೋಡುತ್ತೇನೆ. ಎರಡು ಕಡಪ ಕಲ್ಲು, ನಾಲ್ಕು ಸಾಲು ಇಟ್ಟಿಗೆ, ಅರ್ಧ ದಿನದ ಗಾರೆ ಕೆಲಸ. ಸೊಂಟದೆತ್ತರದ ಕಟ್ಟೆಯಾಗುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರುವುದು ಸುರಕ್ಷತೆಗೂ ಒಳ್ಳೆಯದು. ಟ್ರ್ಯಾಕ್ಟರಿಗೆ ಸಾಲ ತೆಗೆಯುವ ಯಜಮಾನರು ಈ ಕಟ್ಟೆಗೆ ಮನಸ್ಸು ಮಾಡಬೇಕಷ್ಟೆ.

ಇನ್ನೊಂದು ವಿಷಯವನ್ನು ಪತ್ರಿಕೆಯಲ್ಲಿ ಬರೆಯಲು ಸಂಕೋಚವಾದರೂ ಬರೆಯಲೇಬೇಕು. ಶೌಚಾಲಯದಲ್ಲಿ ಕೂತು ಏಳಲಾಗದೆ, ಹೆಚ್ಚು ಸಲ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಅಜ್ಜಿಯರಿದ್ದಾರೆ. ಇವರು ಬಾಯಿ ಬಿಟ್ಟು ಹೇಳುವುದಿಲ್ಲ, ನೀವೇ ಕೇಳಬೇಕು. ನೆಲದ ಶೌಚಕುಂಡಿಯ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ ಪೇಟೆಯಲ್ಲಿ ಸಿಗುತ್ತದೆ. ಊರ ಬಡಗಿಯೂ ಮಾಡಿಕೊಟ್ಟಾನು. ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿ.

ತೂಕದ ಮಾತು ಎರಡೇ ವಾಕ್ಯದಲ್ಲಿ ಹೇಳಬಹುದು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು 2005ರಲ್ಲಿ ಅಳೆದು ತಿಳಿಸಿದಂತೆ, ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ 4 ಕಿಲೋ ಇಳಿಯುತ್ತದೆ, 5 ಕಿಲೋ ಇಳಿಸಿದವರು ಹೆಜ್ಜೆಗೆ 20 ಕಿಲೋ ಇಳಿಸಿದಂತೆ. ಆದರೆ ಈ ಮಾತು ಹೊಟ್ಟೆ ಬಂದವರಿಗೆ, ಬಡಕಲು ಮೈಯವರು ಊಟ ಬಿಟ್ಟರೆ ಸ್ನಾಯು ಕರಗಿ ನೋವು ಹೆಚ್ಚುತ್ತದೆ.

ಶಾಖ, ಮುಲಾಮು, ಮಾತ್ರೆ

ಬಿಸಿನೀರಿನ ಶಾಖ ಬಿಗಿತಕ್ಕೆ ಒಳ್ಳೆಯದು. ಹರಳೆಣ್ಣೆ ತಿಕ್ಕುವುದೂ ಹಾಯೆನಿಸುತ್ತದೆ. ಎಣ್ಣೆ ಚರ್ಮ ದಾಟಿ ಕೀಲಿಗೆ ಇಳಿಯುವುದಿಲ್ಲ, ತಿಕ್ಕುವ ಕೈಯ ಬಿಸಿಯೇ ಅಲ್ಲಿ ಕೆಲಸ ಮಾಡುವುದು. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲಾದ್ದರಿಂದ ಡೈಕ್ಲೋಫೆನಾಕ್ ಮುಲಾಮು ಹಚ್ಚಿದರೆ ಹಲವರಿಗೆ ಗುಣ ಕಾಣುತ್ತದೆ. ಅದೇ ಔಷಧಿಯನ್ನು ಮಾತ್ರೆಯಾಗಿ ದಿನವೂ ನುಂಗುವುದು ಬೇರೆ ಸಂಗತಿ. ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡಕ್ಕೆ ಪೆಟ್ಟು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಅಂಗಡಿಯಲ್ಲಿ 'ನೋವಿನ ಮಾತ್ರೆ ಒಂದು ಪಟ್ಟಿ ಕೊಡಿ' ಎಂದು ಕೇಳಿ ತರಲೇಬಾರದು. ಮೃದ್ವಸ್ಥಿ ಬೆಳೆಸುತ್ತದೆಂದು ಮಾರುವ ಗ್ಲೂಕೋಸಮೈನ್ ಗುಳಿಗೆಗಳು ಅಮೆರಿಕದಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಸುಳ್ಳು ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಆ ದುಡ್ಡಿಗೆ ಮೊಟ್ಟೆ, ಹಾಲು, ಕಾಳು ತಿನ್ನಬಹುದು.

ಕೊನೆಗೆ ಶಸ್ತ್ರಚಿಕಿತ್ಸೆ. ದುರ್ಬೀನು ಹಾಕಿ ಮಂಡಿಯನ್ನು 'ತೊಳೆಯುವ' ಚಿಕಿತ್ಸೆ ಸವೆತಕ್ಕೆ ಪ್ರಯೋಜನವಿಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಜನರಲ್ಲಿ ಕೆಲವರಿಗೆ ನಿಜವಾಗಿ ತೊಳೆದು, ಇನ್ನು ಕೆಲವರಿಗೆ ಚರ್ಮ ಮಾತ್ರ ಕುಯ್ದು ಹೊಲಿದು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ: ಇಬ್ಬರಿಗೂ ಅಷ್ಟೇ ಗುಣ. ಕೀಲನ್ನೇ ಬದಲಿಸುವುದು ಹಾಗಲ್ಲ, ತಕ್ಕವರಿಗೆ ಅದರಿಂದ ನಿಜವಾದ ಅನುಕೂಲವಿದೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ರಾತ್ರಿ ನಿದ್ದೆ ಬಾರದಿದ್ದರೆ, ಬೀದಿಯ ಕೊನೆಯವರೆಗೂ ನಡೆಯಲಾಗದಿದ್ದರೆ ಆ ಬಗ್ಗೆ ಕೇಳಬೇಕು. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿತು, ಆಗ ಸಾಮಾನ್ಯ ಬಗೆಗೆ ಗೊತ್ತುಮಾಡಿದ್ದು 54,720 ರೂಪಾಯಿ. ಆಸ್ಪತ್ರೆಯ ಖರ್ಚು ಅದಕ್ಕೆ ಹೊರತು. ಆದ್ದರಿಂದ ಲೆಕ್ಕವನ್ನು ಬಿಡಿಬಿಡಿಯಾಗಿ ಕೇಳಿ ಬರೆಸಿಕೊಳ್ಳಿ, ಸರಕಾರಿ ಯೋಜನೆಯಲ್ಲಿ ಆಗುವುದೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ನಮ್ಮಮ್ಮನಿಗೆ ಅದರ ಅಗತ್ಯ ಬೀಳಲಿಲ್ಲ. ಪುಡಿಯ ಸಕ್ಕರೆ ಕಾಯಿಲೆ ಉಳಿದುಕೊಂಡಿತು, ಕಳೆ ತೆಗೆಯುವುದು ಅವರಿಗೆ ಮತ್ತೆ ಆಗಲಿಲ್ಲ, ಆದರೆ ಎಡಗೈಯಲ್ಲಿ ಕೋಲು ಹಿಡಿದು ಗದ್ದೆಗೆ ನೀರು ಕಟ್ಟಲು ಹೋಗುತ್ತಾರೆ. ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಮಾತ್ರ ಒಂದು ಸೂಚನೆ. ಹೊಸ ಮಂಡಿಯಲ್ಲಿ ಚೆನ್ನಾಗಿ ನಡೆಯಬಹುದು, ಕುಕ್ಕರುಗಾಲಿನಲ್ಲಿ ಕೂರುವುದು ಬೇಡವೆನ್ನುತ್ತಾರೆ. ಆಸ್ಪತ್ರೆಗೆ ಸೇರುವ ದಿನಕ್ಕೆ ಮೊದಲೇ ಮನೆಯಲ್ಲಿ ಮಂಚ, ಎತ್ತರದ ಕುರ್ಚಿ, ಶೌಚಕ್ಕೆ ಕೂರುವ ವ್ಯವಸ್ಥೆ ಸಿದ್ಧವಾಗಿರಲಿ.